ಗೆರೆ ಇಪ್ಪತ್ತು ಅಡಿ ಕೆಳಗೆ

ಮಡಿಕೇರಿಯಲ್ಲಿ ನಡೆದ ಮೇಷ್ಟ್ರ ಶ್ರದ್ಧಾಂಜಲಿ ಸಭೆಯಲ್ಲಿ ನಾಲ್ಕು ಜನ ಮಾತಾಡಿದರು. ಮೊದಲ ಮೂವರು ಅವರನ್ನು ಋಷಿ ಅಂದರು, ಜ್ಞಾನದ ಗಣಿ ಅಂದರು, ಮಣ್ಣಿನ ಮಗ ಅಂದರು. ಆ ಮೂವರಲ್ಲಿ ಒಬ್ಬನಾದರೂ ಅವರ ಜೊತೆ ಒಂದು ದಿನ ಮಣ್ಣಿಗೆ ಇಳಿದವನಲ್ಲ. ನಾಲ್ಕನೆಯವನು ಅವರ ಕೈಕೆಳಗೇ ಪಾಲಿಟೆಕ್ನಿಕ್ಕಿನಲ್ಲಿ ಓದಿದವನು, ಈಗ ದೊಡ್ಡ ಕಂಟ್ರಾಕ್ಟರು. ಮೈಕು ಬಗ್ಗಿಸಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದ: "ಮಾದಾಪುರದ ಕಡೆ ಆದ ಆ ಒಂದು ಪ್ರಮಾದ ಬಿಟ್ಟರೆ ನಮ್ಮ ಮೇಷ್ಟ್ರ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ."

ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಯಾರೋ ಕಿವಿಗೆ ಬಿಸಿನೀರು ಹೊಯ್ದ ಹಾಗಾಯಿತು. ಎದ್ದು ಹೊರಗೆ ಬಂದೆ. ದುಃಖಕ್ಕಲ್ಲ, ಸಿಟ್ಟಿಗೆ. ಆ ಕಂಟ್ರಾಕ್ಟರ ಮೇಲೆ ಸಿಟ್ಟು, ತಲೆ ಅಲ್ಲಾಡಿಸಿದ ಸಭೆಯ ಮೇಲೆ ಸಿಟ್ಟು, ಹೂವಿನ ಹಾರದೊಳಗೆ ಫೋಟೋ ಆಗಿ ಕೂತಿದ್ದ ಮೇಷ್ಟ್ರ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಹಾಗೆ ಹೇಳುವವರನ್ನು ಮೇಷ್ಟ್ರು ಒಮ್ಮೆಯೂ ಬೈದಿರಲಿಕ್ಕಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮನೆಯವರು ಮರ್ಯಾದಸ್ಥರು, ಅವರಿಗೆ ಇದರ ಉಸಾಬರಿ ಬೇಡ. ಮೇಷ್ಟ್ರು ಎಂದರೆ ಸಾಕು, ಗೊತ್ತಿರುವವರಿಗೆ ಗೊತ್ತಾಗುತ್ತದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ನನಗೆ ನೆಲದ ಮೇಲಿನ ಕೆಲಸಕ್ಕಿಂತ ನೆಲದ ಒಳಗಿನ ಕೆಲಸ ಹಿಡಿಸಿತು. ಬಾವಿ ತೋಡಿದೆ, ಪಾಯ ತೋಡಿದೆ, ಎಸ್ಟೇಟುಗಳಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ನೀರಿಗೆ ಗುಂಡಿ ತೋಡಿದೆ. ನಾನು ತೋಡಿದ ಪಾಯದ ಮೇಲೆ ನಿಂತ ಒಂದು ಗೋಡೆಯೂ ಇವತ್ತಿನವರೆಗೆ ಬಿರುಕು ಬಿಟ್ಟಿಲ್ಲ. ಇದು ಜಂಬವಲ್ಲ, ಬಂದು ನೋಡಿಕೊಳ್ಳಬಹುದು. ಮಣ್ಣನ್ನು ಹಿಡಿಯಲ್ಲಿ ಹಿಚುಕಿದರೆ, ಹೆಬ್ಬೆರಳಿನಿಂದ ತೀಡಿದರೆ, ಅದು ನಿಲ್ಲುತ್ತದೋ ಜಾರುತ್ತದೋ ನನಗೆ ಗೊತ್ತಾಗುತ್ತದೆ.

ಮೇಷ್ಟ್ರನ್ನು ಮೊದಲು ನೋಡಿದ್ದು ಸಂಪಾಜೆಯ ಹತ್ತಿರ, ನಾನು ತೋಡುತ್ತಿದ್ದ ಗುಂಡಿಯ ಬಾಯಲ್ಲಿ. ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದರು, ಹವಾಯಿ ಚಪ್ಪಲಿ, ಜನಿವಾರಕ್ಕೆ ಕಟ್ಟಿದ ಒಂದು ಬೀಗದ ಕೀ ಅಂಗಿಯ ಗುಂಡಿಗಳ ಸಂದಿಯಿಂದ ಇಣುಕುತ್ತಿತ್ತು. ಆಗಷ್ಟೇ ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾಗಿದ್ದರು. ಕೇಳದೆಯೇ ಏಣಿ ಹಿಡಿದು ಗುಂಡಿಗೆ ಇಳಿದುಬಿಟ್ಟರು.

"ಇದೆಂಥ ಮಣ್ಣು?" ಅಂದರು.

"ಸೋಪಿನ ಮಣ್ಣು."

"ಅಂದ್ರೆ?"

"ಒಣಗಿದಾಗ ಹಾರೆ ಬಾಗುತ್ತೆ, ನೆಂದಾಗ ಕೈಯಿಂದ ಜಾರುತ್ತೆ. ಸೋಪಲ್ದೆ ಇನ್ನೇನು?"

ಇಂಥ ಮಾತಿಗೆ ಇಂಜಿನಿಯರುಗಳು ನಗುತ್ತಾರೆ. ಇವರು ನಗಲಿಲ್ಲ. ಬಟ್ಟೆ ಚೀಲದಿಂದ ಒಂದು ನೋಟುಬುಕ್ಕು ತೆಗೆದು 'ಸೋಪಿನ ಮಣ್ಣು' ಎಂದು ಬರೆದುಕೊಂಡರು. "ಇನ್ನೂ ಯಾವ್ಯಾವುದಿದೆ ನಿನ್ನ ಹತ್ರ?" ಅಂತ ಕೇಳಿದರು. ಹಿಟ್ಟಿನ ಮಣ್ಣು, ಮೊಂಡು ಮಣ್ಣು, ಕಳ್ಳ ಮಣ್ಣು ಎಂದೆ. ಮೇಲೆ ಗಟ್ಟಿಯಾಗಿ ಕಂಡು ಒಳಗೆ ಮೆತ್ತಗಿರುವುದೇ ಕಳ್ಳ ಮಣ್ಣು. ಎಲ್ಲವನ್ನೂ ಬರೆದುಕೊಂಡರು. ನಾನು ಶಾಲೆಗೆ ಹೋದ ಏಳು ವರ್ಷದಲ್ಲಿ ನಾನು ಹೇಳಿದ್ದನ್ನು ಯಾವ ಮೇಷ್ಟ್ರೂ ಬರೆದುಕೊಂಡಿರಲಿಲ್ಲ.

ಮರುವಾರವೇ ಕರೆ ಬಂತು. "ಸುತ್ತಿಗೆ ಹೊಡೆಯೋಕೆ ಒಬ್ಬ ಬೇಕು ಮಾರಾಯ. ಪ್ರತಿ ಸಲ ಒಂದೇ ಥರ ಬೀಳೋ ಕೈ ಬೇಕು."

ಅವರ ಕೆಲಸ ಹೀಗಿತ್ತು. ನೆಲದಲ್ಲಿ ಒಂದು ನೇರ ಗೆರೆ. ಗೆರೆಯ ಉದ್ದಕ್ಕೂ ಹೆಜ್ಜೆಗೊಂದರಂತೆ ಚಿಕ್ಕ ಚಿಕ್ಕ ಡಬ್ಬಿ, ಡಬ್ಬಿಯ ಅಡಿಯಲ್ಲಿ ಮೊಳೆ. ಅವಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ, ನಾನು ಕಿವಿ ಅನ್ನುತ್ತಿದ್ದೆ, ಆಮೇಲೆ ಅವರೂ ಕಿವಿ ಅನ್ನತೊಡಗಿದರು. ಎಲ್ಲ ಕಿವಿಗಳನ್ನೂ ಒಂದು ವೈರು, ಅವು ಕೇಳಿದ್ದನ್ನು ದಾಖಲು ಮಾಡುವ ಪೆಟ್ಟಿಗೆಗೆ ಕೂಡಿಸುತ್ತದೆ. ಗೆರೆಯ ತುದಿಯಲ್ಲಿ ಒಂದು ಕಬ್ಬಿಣದ ತಟ್ಟೆ. ಅದರ ಮೇಲೆ ನಾನು ದೊಡ್ಡ ಸುತ್ತಿಗೆಯಿಂದ ಹೊಡೆಯಬೇಕು. ಹೊಡೆತದ ಅಲೆ ಮಣ್ಣಿನಲ್ಲಿ ಓಡಿ ಒಂದೊಂದೇ ಕಿವಿಗೆ ತಾಗುತ್ತಾ ಹೋಗುತ್ತದೆ. ಗಟ್ಟಿ ಮಣ್ಣಿನಲ್ಲಿ ಬೇಗ ಓಡುತ್ತದೆ, ಸಡಿಲ ಜೇಡಿಯಲ್ಲಿ ನಿಧಾನ. ಆ ವೇಗ ಹಿಡಿದು, ಆ ಜೇಡಿ ಎಷ್ಟು ಭಾರ ತಾಳುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ಮೇಷ್ಟ್ರು ಅಂದಾಜು ಮಾಡುತ್ತಿದ್ದರು. ಗುಡ್ಡವನ್ನು ತೋಡದೆಯೇ ಗುಡ್ಡದ ಒಳಗಿನದನ್ನು ಹೇಳುವುದು.

ಮೊದಲ ದಿನ ನನ್ನ ತೋಳಿನ ಬಲ ತೋರಿಸಿಬಿಡೋಣ ಎಂದು ನೆಲ ನಡುಗುವ ಹಾಗೆ ಹೊಡೆದೆ. ಐದಾರು ಹೊಡೆತ ಆದಮೇಲೆ ಅವರು ಪೆಟ್ಟಿಗೆಯಿಂದ ತಲೆ ಎತ್ತಿದರು.

"ಯಾರ ಮೇಲೆ ಕೋಪ?"

"ಅಲೆ ಬೇಗ ಹೋಗ್ಲಿ ಅಂತ ಸಾರ್."

"ನೀನು ಭೀಮ ಆದ್ರೂ ಅದು ಬೇಗ ಹೋಗಲ್ಲ. ಜೋರಾಗಿ ಹೊಡೆದ್ರೆ ಅಲೆ ದೊಡ್ಡದಾಗುತ್ತೆ, ವೇಗ ಅಷ್ಟೇ ಇರುತ್ತೆ. ವೇಗ ಮಣ್ಣಿನ ಗುಣ. ನಿನ್ನ ತೋಳಿನದ್ದಲ್ಲ."

ಕೋಪ ಬಂತು. ಆದರೆ ಆ ಮಾತನ್ನು ರಾತ್ರಿ ಮಲಗಿ ಯೋಚಿಸಿದೆ. ನನ್ನ ತೋಳಿಗೆ ಜಗ್ಗದ ವಸ್ತು ಒಂದಿದೆ ಎಂದು ಅವತ್ತೇ ನನಗೆ ಮೊದಲು ತಿಳಿದದ್ದು.

ಅವರ ಅಣ್ಣ ಒಂದು ದೇವಸ್ಥಾನದಲ್ಲಿ ಅರ್ಚಕರು. ಮನೆತನದ ಕೆಲಸವೇ ಅದು. "ಅಣ್ಣ ದೇವರ ಮುಂದೆ ಗಂಟೆ ಹೊಡೀತಾನೆ, ನಾನು ಭೂಮಿ ಮೇಲೆ ಸುತ್ತಿಗೆ ಹೊಡೆಸ್ತೀನಿ. ಇಬ್ಬರೂ ಉತ್ತರಕ್ಕೆ ಕಾಯೋರೇ. ನನಗೆ ಉತ್ತರ ಬರುತ್ತೆ, ಅದೊಂದೇ ವ್ಯತ್ಯಾಸ," ಎಂದು ಒಂದು ಸಲ ಅಣ್ಣನ ಎದುರಿಗೇ ಹೇಳಿದರು. ಅಣ್ಣನೂ ಬಿಡಲಿಲ್ಲ. "ಉತ್ತರ ಬಂದ್ರೆ ಸಾಕೇನೋ? ಅರ್ಥ ಆಗ್ಬೇಡವಾ?" ಅಂದರು. ಆ ಮನೆಯಲ್ಲಿ ಎಲ್ಲರ ನಾಲಿಗೆಯೂ ಹರಿತ.

ಅಳತೆಯ ಹೊತ್ತಿನಲ್ಲಿ ಮೇಷ್ಟ್ರಿಗೆ ಬೇಕಾದದ್ದು ನಿಶ್ಶಬ್ದ. ಕೈ ಎತ್ತಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಹೆಜ್ಜೆ ಇಟ್ಟರೆ ಆ ಹೆಜ್ಜೆಯೂ ಕಿವಿಗೆ ಕೇಳುತ್ತದೆ. ಹುದಿಕೇರಿಯ ಕಡೆ ಒಂದು ಎಸ್ಟೇಟಿನ ಮ್ಯಾನೇಜರು ಜೀಪು ನಿಲ್ಲಿಸಿ, ಇಂಜಿನ್ ಆರಿಸದೆ ನೋಡುತ್ತಾ ಕೂತಿದ್ದ. ಮೇಷ್ಟ್ರು ಹೋಗಿ, "ಸ್ವಾಮಿ, ನಿಮ್ಮ ಗಾಡಿ ನನ್ನ ಕಿವಿಯಲ್ಲಿ ಕೆಮ್ತಾ ಇದೆ, ಮನೆಗೆ ಕರ್ಕೊಂಡು ಹೋಗಿ ಕಷಾಯ ಕೊಡಿ," ಅಂದರು. ಗಾಳಿ ಬಂದು ತೋಟದ ಸಿಲ್ವರ್ ಓಕ್ ಮರ ತೂಗಿದರೆ ಬೇರು ಅಲ್ಲಾಡುತ್ತದೆಂದು ಗಾಳಿಯನ್ನೂ ಬೈಯುತ್ತಿದ್ದರು. ಒಂದೊಂದು ಸಲ ಒಂದು ಹೊಡೆತಕ್ಕಾಗಿ ಅರ್ಧ ಗಂಟೆ ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು ನಿಂತಿದ್ದೇನೆ.

ಪ್ರತಿ ಜಾಗದಲ್ಲೂ ಪೆಟ್ಟಿಗೆ ಬಿಚ್ಚುವ ಮೊದಲು, "ಮೊದ್ಲು ನೀನು ಹೇಳು," ಅನ್ನುತ್ತಿದ್ದರು. ನಾನು ಮಣ್ಣು ಹಿಚುಕಿ ಹೇಳಿದ್ದನ್ನು ನನ್ನ ಮಾತಿನಲ್ಲೇ ಬರೆದು, ಅದರ ಪಕ್ಕದಲ್ಲಿ ಆಮೇಲೆ ಬಂದ ಅಂಕಿ ಬರೆಯುತ್ತಿದ್ದರು. ಹೆಚ್ಚಿನ ಸಲ ಎರಡೂ ಒಂದಕ್ಕೊಂದು ಒಪ್ಪುತ್ತಿತ್ತು. ಒಪ್ಪಿದಾಗ ನನಗೇನೂ ಹೇಳುತ್ತಿರಲಿಲ್ಲ, ತಮ್ಮ ಡಬ್ಬಿಯ ಅವಲಕ್ಕಿಯಲ್ಲಿ ಅರ್ಧ ನನ್ನ ಕಡೆಗೆ ತಳ್ಳುತ್ತಿದ್ದರು. ಒಮ್ಮೆ ಹಸಿವಿನಲ್ಲಿ ನಾನೇ ಡಬ್ಬಿ ತೆಗೆದೆ, ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಜೇಡಿ. "ಅದು ನಾಳೆಯ ಊಟ," ಅಂದರು. ಯಾರಾದರೂ 'ಬರೀ ಅಂದಾಜು ತಾನೇ' ಅಂದರೆ ಮಾತ್ರ ಮೈಮೇಲೆ ಬೀಳುತ್ತಿದ್ದರು. "ಅಂದಾಜಿಗೆ ಅಳತೆ ಇದೆ. ಅಳತೆ ಇಲ್ಲದ್ದು ಊಹೆ. ಅದನ್ನ ನೀವಿಟ್ಕೊಳ್ಳಿ."

ಇಷ್ಟು ಸಾಕು, ಒಳ್ಳೆಯದನ್ನು ಹೇಳಿಯಾಯಿತು.

ಮಾದಾಪುರದ ಹತ್ತಿರದ ಆ ಎಸ್ಟೇಟಿನಲ್ಲಿ ಕೆಲಸಗಾರರಿಗೆ ಹೊಸ ಲೈನ್ ಮನೆ ಕಟ್ಟಬೇಕಿತ್ತು. ಗುಡ್ಡದ ಬುಡ ಕಡಿದು ಸಮ ಮಾಡಿ ಆರು ಮನೆ. ಕಡಿದರೆ ಮೇಲಿನ ಮಣ್ಣು ನಿಲ್ಲುತ್ತದೋ ಇಲ್ಲವೋ ನೋಡಲು ಮೇಷ್ಟ್ರನ್ನು ಕರೆಸಿದರು. ಅವರು ಹಿಂದಿನ ವಾರ ಬಂದು, ಕಾಫಿ ಗಿಡಗಳ ನಡುವೆ ಗುಡ್ಡಕ್ಕೆ ಅಡ್ಡಲಾಗಿ ಎರಡು ಗೂಟ ನೆಟ್ಟು, "ಇಲ್ಲಿಂದ ಅಲ್ಲಿಗೆ ನೇರ ಗೆರೆ ಬೇಕು. ಅಡ್ಡ ಬಂದ ಗಿಡದ ರೆಕ್ಕೆ-ಕೊಂಬೆ ಕಡಿದು ದಾರಿ ಮಾಡು, ಓನರು ಒಪ್ಪಿದ್ದಾರೆ," ಎಂದು ನನಗೆ ಹೇಳಿ ಹೋದರು.

ಅದು ಮಾರ್ಚಿನ ಮೊದಲ ದಿನಗಳು. ಹೂ ಬಿಡಿಸಲು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಿ ಮುಗಿದಿತ್ತು, ರೋಬಸ್ಟ ಕಾಫಿ ಗಿಡದ ಪ್ರತಿ ಗೆಣ್ಣಿನಲ್ಲೂ ಮೊಗ್ಗು ಊದಿಕೊಂಡಿತ್ತು, ನಾಳೆಯೋ ನಾಡಿದ್ದೋ ಅರಳಬೇಕು. ಅಂಥ ಹೊತ್ತಿನಲ್ಲಿ ಎಸ್ಟೇಟಿನಲ್ಲಿ ಯಾರೂ ಗಿಡಕ್ಕೆ ಮೈ ತಾಗಿಸುವುದಿಲ್ಲ. ನಾಯಿ ನುಗ್ಗಿದರೂ ಕಲ್ಲು ಹೊಡೆದು ಓಡಿಸುತ್ತಾರೆ. ಒಂದು ವರ್ಷದ ದುಡಿಮೆ ಆ ಗೆಣ್ಣುಗಳಲ್ಲಿರುತ್ತದೆ. ನಾನು ಕತ್ತಿ ಹಿಡಿದು ಮೊದಲ ಗಿಡದ ಮುಂದೆ ನಿಂತೆ. ಹನ್ನೊಂದು ಗಿಡದ ರೆಕ್ಕೆ ತೆಗೆಯಬೇಕಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಪಕ್ಕದಲ್ಲೇ ಇದ್ದ. "ಓನರ್ ಹೇಳಿದ್ರೂ ನನ್ನ ಕಣ್ಣೆದುರಿಗೆ ಬೇಡ ಮಾರಾಯ, ಹೊಟ್ಟೆ ಉರಿಯುತ್ತೆ," ಅಂದ. ನನ್ನ ಕೈಯೂ ಏಳಲಿಲ್ಲ.

ಇಪ್ಪತ್ತು ಅಡಿ ಕೆಳಗೆ ಹಳೆಯ ಜೀಪ್ ದಾರಿಯೊಂದು ಗುಡ್ಡಕ್ಕೆ ಅಡ್ಡವಾಗಿಯೇ ಹೋಗಿತ್ತು. ನೇರ, ಚೊಕ್ಕಟ, ಒಂದು ಗಿಡವಿಲ್ಲ. ಗೂಟ ಕಿತ್ತು ಅಲ್ಲಿ ನೆಟ್ಟೆ. ಒಂದೇ ಗುಡ್ಡ, ಒಂದೇ ಮಣ್ಣು, ಇಪ್ಪತ್ತು ಅಡಿಗೆ ಏನಾಗುತ್ತೆ ಎಂದುಕೊಂಡೆ. ಆ ದಾರಿಗೆ ಎಷ್ಟೋ ವರ್ಷದಿಂದ ಗೊಚ್ಚು ಮಣ್ಣು ಸುರಿದು, ಕಲ್ಲು ಸುರಿದು, ಜೀಪು ಟ್ರ್ಯಾಕ್ಟರು ಓಡಿ ಓಡಿ ಕಬ್ಬಿಣ ಮಾಡಿಟ್ಟಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಣ್ಣು ಬಲ್ಲವನು ನಾನು. ಗೊತ್ತಿದ್ದದ್ದನ್ನು ಹೂವಿನ ಮುಂದೆ ಮರೆತೆ.

ಅಳತೆಯ ದಿನ ಮೇಷ್ಟ್ರು ಬಂದು ಗೆರೆ ನೋಡಿ ನಿಂತರು. ಕಣ್ಣು ಮೇಲಿನ ಗಿಡಗಳ ಕಡೆ ಹೋಯಿತು. "ಇಲ್ಲಿ ಯಾಕೆ?"

"ಮೊಗ್ಗಿದೆ ಸಾರ್. ಮೇಲೂ ಇದೇ ಮಣ್ಣು."

ನೋಟುಬುಕ್ಕಿನಲ್ಲಿ ಅದನ್ನೂ ಬರೆದುಕೊಂಡರು: ಮೇಲೂ ಇದೇ ಮಣ್ಣು.

ಕೆಳಗೆ ಹಳೆಯ ಲೈನಿನ ಹೆಂಗಸರು ಗಿಡದ ಬುಡಕ್ಕೆ ತರಗೆಲೆ ಹಾಕುತ್ತಿದ್ದರು. ಮೇಷ್ಟ್ರು ಕೈ ಎತ್ತಿದರೆ ಎಲ್ಲರೂ ಬುಟ್ಟಿ ಹೊತ್ತುಕೊಂಡೇ ನಿಲ್ಲಬೇಕಿತ್ತು. ಅವರಲ್ಲಿ ಸೆಲ್ವಿ ಎಂಬಾಕೆಯ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. "ಏನ್ ಸಾರ್, ಭೂಮಿತಾಯಿಗೆ ಸ್ಕ್ಯಾನಿಂಗಾ? ಗಂಡಾ ಹೆಣ್ಣಾ ಹೇಳ್ಬಿಡಿ, ಯಾರ್ಗೂ ಹೇಳಲ್ಲ!"

"ಬಾಯಿ ಮುಚ್ಚು ತಾಯಿ, ನಿನ್ನ ನಗು ಪೆಟ್ಟಿಗೇಲಿ ಬಿದ್ದಿದೆ ನೋಡು," ಅಂದರು ಮೇಷ್ಟ್ರು.

"ಬೀಳ್ಲಿ ಬಿಡಿ. ಮನೆ ಕಟ್ಟೋದು ನಮಗ್ ತಾನೇ!"

ಮಧ್ಯಾಹ್ನ ಅವರು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತರು. "ಮೇಲ್ಪದರ ಇಷ್ಟು ಗಟ್ಟಿ ತೋರಿಸ್ತಿದೆ. ಸ್ವಲ್ಪ ಜಾಸ್ತಿಯೇ ಆಯ್ತು. ಮೇಲ್ಗಡೆ ಇನ್ನೊಂದು ಗೆರೆ ಹಾಕೋಣವಾ?" ಅಂದರು. ನಾನು ಕಿವಿಗಳನ್ನು ಕಿತ್ತು ಚೀಲಕ್ಕೆ ಹಾಕುತ್ತಿದ್ದೆ. "ಬೇಡ ಸಾರ್, ನಾನು ನೋಡಿದೀನಿ," ಅಂದೆ. ನನ್ನ ಮುಖ ನೋಡಿದರು, ಪೆಟ್ಟಿಗೆ ಮುಚ್ಚಿ ಕೀ ತಿರುಗಿಸಿದರು.

ಏಪ್ರಿಲ್‌ನಲ್ಲಿ ಗುಡ್ಡ ನಿಲ್ಲುತ್ತದೆ ಎಂದು ಮೇಷ್ಟ್ರು ಕೊಟ್ಟ ಸಹಿಯ ಮೇಲೆ ಬುಡ ಕಡಿದರು, ಮಳೆಗೆ ಮುಂಚೆ ಮನೆ ಎದ್ದವು. ಜುಲೈಯಲ್ಲಿ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಮೇಲಿನ ಕಾಫಿ ಗಿಡಗಳು ನಿಂತ ಹಾಗೆಯೇ ನಿಂತು, ನೆಲ ಸಮೇತ ಕೆಳಗಿಳಿದವು. ಜೀಪ್ ದಾರಿಯನ್ನೂ ಎತ್ತಿಕೊಂಡು ಬಂದವು. ಎರಡು ಮನೆ ಹೋದವು. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಜ್ವರ ಎಂದು ಮಲಗಿದ್ದ ಸೆಲ್ವಿ ಒಬ್ಬಳು ಮನೆಯಲ್ಲಿದ್ದಳು. ಮಣ್ಣು ತೆಗೆಯಲು ಹಾರೆ ಹಿಡಿದು ಹೋದವರಲ್ಲಿ ನಾನೂ ಇದ್ದೆ. ಹಿಡಿಯಲ್ಲಿ ಹಿಚುಕಿ ನೋಡುವ ಅಗತ್ಯವೇ ಇರಲಿಲ್ಲ. ಸೋಪು. ಅವಳು ಬದುಕಿದಳು. ಬಲಗಾಲನ್ನು ಮೊಣಕಾಲಿನ ಕೆಳಗೆ ಮೈಸೂರಿನಲ್ಲಿ ತೆಗೆದರು.

ವಿಚಾರಣೆ ಎಸ್ಟೇಟಿನ ಆಫೀಸಿನಲ್ಲೇ ನಡೆಯಿತು. ಇಬ್ಬರು ಅಧಿಕಾರಿಗಳು, ಓನರು, ರೈಟರು, ಮೇಷ್ಟ್ರು, ಬಾಗಿಲ ಹತ್ತಿರ ನಾನು. ರೈಟರು ಮೊದಲೇ ಬೆರಳು ತೋರಿಸಿದ. "ಗೂಟ ಕಿತ್ತು ಕೆಳಗೆ ಹಾಕಿದ್ದು ಇವನೇ ಸಾರ್. ನಾನು ಕಣ್ಣಾರೆ ನೋಡಿದೀನಿ." ತನ್ನ ಹೊಟ್ಟೆ ಉರಿದದ್ದನ್ನು ಹೇಳಲಿಲ್ಲ.

ಅಧಿಕಾರಿ ನನ್ನ ಕಡೆ ತಿರುಗಿದರು. "ಹೌದೇನಯ್ಯಾ?"

ನಾನು ಬಾಯಿ ತೆರೆಯುವ ಮುಂಚೆ ಮೇಷ್ಟ್ರು ನಡುವೆ ಬಂದರು. "ಅವನನ್ನೇನು ಕೇಳ್ತೀರಿ? ಅವನು ಸುತ್ತಿಗೆ ಹೊಡೆಯೋಕೆ ಬಂದ ಕೂಲಿಯವನು. ಹೊಡಿ ಅಂದ್ರೆ ಹೊಡೀತಾನೆ, ನಿಲ್ಸು ಅಂದ್ರೆ ನಿಲ್ಲಿಸ್ತಾನೆ. ಮಣ್ಣಿನ ವಿಷಯ ಅವನಿಗೇನು ಗೊತ್ತು? ಗೆರೆ ಎಲ್ಲಿರಬೇಕು ಅನ್ನೋದು ನನ್ನ ಜವಾಬ್ದಾರಿ. ತಪ್ಪು ನನ್ನದು, ಬರ್ಕೊಳ್ಳಿ."

"ಅವತ್ತಿನ ನೋಟ್ಸ್ ಏನಾದ್ರೂ ಇದೆಯಾ?"

"ಇಲ್ಲ," ಅಂದರು.

ನೋಟುಬುಕ್ಕು ಅವರ ಹೆಗಲ ಚೀಲದಲ್ಲಿತ್ತು. ಅದರ ಮೂಲೆ ಬಟ್ಟೆಯನ್ನು ಒತ್ತಿ ಎದ್ದು ಕಾಣುತ್ತಿತ್ತು. ನಾನು ನೋಡಿದೆ, ನಾನು ನೋಡಿದ್ದನ್ನು ಅವರು ನೋಡಿದರು. ಆಮೇಲೆ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.

ಮಣ್ಣಿನ ವಿಷಯ ಅವನಿಗೇನು ಗೊತ್ತು! ಮುಖಕ್ಕೆ ಉಗಿದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನನ್ನ ಮಾತನ್ನು ಅಂಕಿಯ ಪಕ್ಕದಲ್ಲಿ ಬರೆದುಕೊಂಡ ಮನುಷ್ಯ, ಏಳನೇ ಕ್ಲಾಸಿನವನಿಗೆ ಅವಲಕ್ಕಿಯಲ್ಲಿ ಅರ್ಧ ಕೊಟ್ಟ ಮನುಷ್ಯ, ನಾಲ್ಕು ಜನರ ಮುಂದೆ ನನ್ನನ್ನು ಒಂದು ಸುತ್ತಿಗೆಯ ಹಿಡಿ ಮಾಡಿದರು. ನನ್ನ ತಪ್ಪನ್ನೂ ನನ್ನದು ಎಂದು ಹೇಳಿಕೊಳ್ಳಲು ನಾನು ಯೋಗ್ಯನಲ್ಲವೇ? ಹೀಗೆ ಹಲ್ಲು ಕಡಿಯುತ್ತಾ ಮನೆಗೆ ಹೋದೆ. ಹಲ್ಲು ಕಡಿದದ್ದೇ ಬಂತು, ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೂ ಬರೆಯುತ್ತೇನೆ. ಅಧಿಕಾರಿಯ ಪ್ರಶ್ನೆಗೂ ಮೇಷ್ಟ್ರ ಮಾತಿಗೂ ನಡುವೆ ನನಗೆ ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು, ಮೇಷ್ಟ್ರು ಮುಗಿಸಿದ ಮೇಲೆ ಇಡೀ ಮಧ್ಯಾಹ್ನ ಇತ್ತು.

ಆಮೇಲೆ ಅವರನ್ನು ಯಾರೂ ಅಳತೆಗೆ ಕರೆಯಲಿಲ್ಲ. ಅವರ ಸಹಿಗೆ ಬೆಲೆ ಹೋಯಿತು. ನಾನು ಜೆಸಿಬಿ ತೆಗೆದುಕೊಂಡೆ, ಕೆಲಸ ಹೆಚ್ಚಿತು. ಅವರ ಮನೆಯ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟೆ. ಅವಮಾನ ಮಾಡಿದವರ ಬಾಗಿಲಿಗೆ ನಾನೇಕೆ ಹೋಗಲಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮೂರು ವರ್ಷದ ಕೆಳಗೆ, ಸಂಪಾಜೆಯಿಂದ ಬರುವಾಗ, ಜಡಿಮಳೆಯಲ್ಲಿ ರಸ್ತೆಯ ಮೇಲಿನ ದಿಣ್ಣೆಯಲ್ಲಿ ಒಬ್ಬ ಮುದುಕ ಕಂಡ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ. ಸುತ್ತಿಗೆ ಎತ್ತಿ ತಟ್ಟೆಗೆ ಹೊಡೆಯುತ್ತಾನೆ, ಸುತ್ತಿಗೆ ಬಿಟ್ಟು ಪೆಟ್ಟಿಗೆಯ ಹತ್ತಿರ ಓಡುತ್ತಾನೆ, ನೋಡುತ್ತಾನೆ, ಮತ್ತೆ ಓಡಿ ಬಂದು ಸುತ್ತಿಗೆ ಎತ್ತುತ್ತಾನೆ. ಹೊಡೆತ ಒಂದು ತಟ್ಟೆಯ ನಡುವೆ ಬಿದ್ದರೆ ಇನ್ನೊಂದು ಅಂಚಿಗೆ ಬೀಳುತ್ತಿತ್ತು. ಮೇಷ್ಟ್ರೇ ಅದು. ಯಾರೂ ಕರೆದದ್ದಲ್ಲ. ನೆಂದ ಜೇಡಿಯಲ್ಲಿ ಅಲೆ ಎಷ್ಟು ನಿಧಾನ ಆಗುತ್ತದೆ ಎಂದು ತಮಗಾಗಿಯೇ ಅಳೆಯುತ್ತಿದ್ದರು.

ಗಾಡಿ ನಿಲ್ಲಿಸಿ ಹತ್ತಿದೆ. ಅವರ ಕೈಯಿಂದ ಸುತ್ತಿಗೆ ಕಿತ್ತುಕೊಂಡೆ. ಅವರು ಪೆಟ್ಟಿಗೆಯ ಮುಂದೆ ಕೂತು ಕೈ ಎತ್ತಿದರು. ಮೂವತ್ತು ಹೊಡೆತ ಹೊಡೆದೆ. ಎಲ್ಲ ಮುಗಿದ ಮೇಲೆ ಸುತ್ತಿಗೆಯನ್ನು ಕೆಸರಿಗೆ ಎಸೆದು ಕೇಳಿದೆ: "ನನಗೆ ಮಣ್ಣು ಗೊತ್ತಿಲ್ವಾ?"

"ಗೊತ್ತು."

"ಮತ್ತೆ ಅವತ್ತು ಹಾಗೆ ಅಂದ್ರಲ್ಲ?"

"ಗೊತ್ತು ಅಂದಿದ್ರೆ ಗೊತ್ತಿದ್ದೂ ಮಾಡಿದ ಅಂತ ನಿನ್ನ ಒಳಗೆ ಹಾಕ್ತಿದ್ರು."

"ಹಾಕ್ಲಿ! ನನ್ನ ಮರ್ಯಾದೆ ಕಾಯೋಕೆ ನಿಮ್ಮನ್ನ ಕೇಳಿದ್ನಾ ನಾನು?"

ಅವರು ಎದ್ದು ನಿಂತರು. ಅಷ್ಟು ವರ್ಷದಲ್ಲಿ ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಹಾಗಾದ್ರೆ ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ? ನಾನೇನು ನಿನ್ನ ಬಾಯಿಗೆ ಕೈ ಇಟ್ಟಿದ್ನಾ? ಗೆರೆ ನೋಡ್ಕೊಳ್ಳೋದು ನನ್ನ ಕೆಲಸ, ನೋಡ್ಕೊಳ್ಳಲಿಲ್ಲ, ಅದು ನನ್ನ ತಪ್ಪು, ಅದರಲ್ಲಿ ಸುಳ್ಳಿಲ್ಲ. ಆದ್ರೆ ನೋಟುಬುಕ್ಕು ಇಲ್ಲ ಅಂದೆನಲ್ಲ, ಅದು ಸುಳ್ಳು. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದವನು ನೀನೊಬ್ಬನೇ. ನಿನ್ನ ಮೇಲೆ ಸಿಟ್ಟಿರೋದು ನನಗೆ ಕಣೋ, ನಿನಗೇನು ಸಿಟ್ಟು?"

ಕೊಪ್ಪೆ ಜಾರಿ ಬಿದ್ದು ಮಳೆ ಅವರ ಬೋಳು ತಲೆಯ ಮೇಲೆ ಸುರಿಯುತ್ತಿತ್ತು. ನಾನು ಕಿವಿಗಳನ್ನು ಕಿತ್ತು, ವೈರು ಸುತ್ತಿ, ಪೆಟ್ಟಿಗೆ ಹೊತ್ತು, ಅವರನ್ನು ಜೀಪಿಗೆ ಹತ್ತಿಸಿ ಮನೆಯ ಮುಂದೆ ಬಿಟ್ಟೆ. ಇಳಿಯುವಾಗ, "ಹೊಡೆತ ಇನ್ನೂ ಒಂದೇ ಥರ ಬೀಳುತ್ತೆ," ಅಂದರು. ನಾನು ಗಾಡಿ ತಿರುಗಿಸಿದೆ. ಮತ್ತೆ ಅವರನ್ನು ನೋಡಿದ್ದು ಹಾರ ಹಾಕಿದ ಫೋಟೋದಲ್ಲಿ.

ಈಗ ಆ ಕಂಟ್ರಾಕ್ಟರು ಮೈಕಿನಲ್ಲಿ ಪ್ರಮಾದ ಎನ್ನುತ್ತಾನೆ. ಇನ್ನು ಹತ್ತು ವರ್ಷ ಕಳೆದರೆ ಮೇಷ್ಟ್ರ ಇಷ್ಟು ವರ್ಷದ ಕೆಲಸ ಎಲ್ಲರಿಗೂ ಮರೆತು ಅದೊಂದು ಮಾತೇ ಉಳಿಯುತ್ತದೆ. ಜನಕ್ಕೆ ತಪ್ಪು ನೆನಪಿರುವ ಹಾಗೆ ಅಂಕಿ ನೆನಪಿರುವುದಿಲ್ಲ.

ಸಭೆಯಿಂದ ನೇರ ಮಾದಾಪುರಕ್ಕೆ ಗಾಡಿ ಬಿಟ್ಟೆ. ಎಂಟು ದಿನದಿಂದ ಮಳೆ ಹಿಡಿದಿತ್ತು. ಉಳಿದ ನಾಲ್ಕು ಲೈನ್ ಮನೆಗಳು ಅದೇ ಗುಡ್ಡದ ಬುಡದಲ್ಲಿ, ಗುಡ್ಡ ಜರಿದ ಮೇಲೆ ಕಟ್ಟಿದ ಕಲ್ಲುಗೋಡೆಯ ಮರೆಯಲ್ಲಿ ಇನ್ನೂ ನಿಂತಿವೆ. ಸೆಲ್ವಿ ಈಗ ಮೊದಲನೆಯ ಮನೆಯಲ್ಲಿ ಮಗಳ ಜೊತೆ ಇದ್ದಾಳೆ. ಜಗುಲಿಯಲ್ಲಿ ಕೂತು ಮೊರದಲ್ಲಿ ಮೆಣಸು ಹಸನು ಮಾಡುತ್ತಿದ್ದಳು. ಊರುಗೋಲು ಗೋಡೆಗೆ ಒರಗಿತ್ತು.

"ಏನಣ್ಣಾ, ದಾರಿ ತಪ್ಪಿತಾ?" ಅಂದಳು.

ನಿಂತುಕೊಂಡೇ ಹೇಳಿದೆ. ಗೂಟ ಕಿತ್ತದ್ದು, ಜೀಪ್ ದಾರಿ, ಮೇಲೂ ಇದೇ ಮಣ್ಣು ಅಂದದ್ದು, ವಿಚಾರಣೆಯಲ್ಲಿ ಸುಮ್ಮನಿದ್ದದ್ದು. ಮೆಣಸಿನಲ್ಲಿದ್ದ ಅವಳ ಕೈ ನಿಲ್ಲಲಿಲ್ಲ.

"ಗೊತ್ತು," ಅಂದಳು. "ನೀನು ಗೂಟ ಕೀಳುವಾಗ ನಾನು ಕೆಳಗೆ ತರಗು ಹಾಕ್ತಿದ್ದೆ, ಕಣ್ಣಿರಲಿಲ್ವಾ ನನಗೆ? ಆ ಸಾರ್ ಆಸ್ಪತ್ರೆಗೆ ಬಂದು ತಪ್ಪು ನಂದು ನಂದು ಅಂತ ಅತ್ತಿದ್ರು. ನಾನು ಹೇಳಿದೆ, ಸುಮ್ನಿರಿ ಸಾರ್, ಇನ್ನೊಬ್ಬ ಇದಾನೆ, ಅವನು ಬರ್ಲಿ ಅಂತ. ಕಾಯ್ತಾ ಇದ್ದೆ. ನಿನ್ನ ಜೀಪು ಎಷ್ಟು ಸಲ ಈ ಗೇಟ್ ಮುಂದೆ ಹೋಯ್ತು ಅಂತ ಹೇಳ್ಲಾ?"

ಮೊರವನ್ನು ಒಂದು ಸಲ ಕೇರಿ ಮುಂದುವರಿಸಿದಳು.

"ಸಾರ್ ಪ್ರತಿ ಮಳೆಗೂ ಬರೋರು. ಪೆಟ್ಟಿಗೆ ಹೊರೋಕಾಗದ ಮೇಲೆ ಬರೀಗೈಲಿ ಬರೋರು. ಹಿಂದೆ ಗೋಡೆ ಹತ್ರ ಕೂತು ಮಣ್ಣು ಹಿಚುಕಿ ನೋಡೋರು. ಇದು ಅವನ ಹತ್ರ ಕಲ್ತಿದ್ದು ಅನ್ನೋರು, ಯಾರ ಹತ್ರ ಅಂತ ಕೇಳಿದ್ರೆ ಹೇಳ್ತಿರ್ಲಿಲ್ಲ." ಮೊರ ಕೆಳಗಿಟ್ಟಳು. "ಈ ಮಳೆಗೆ ಯಾರೂ ನೋಡಿಲ್ಲ. ನಿಂತ್ಕೊಂಡೇನು ಮಾಡ್ತೀಯ? ಹೋಗಿ ನೋಡು."

ಮನೆಯ ಹಿಂದೆ ಹೋದೆ. ಕಲ್ಲುಗೋಡೆಯ ಮೇಲೆ ಹತ್ತಿ ಗುಡ್ಡದ ಮೈಗೆ ಮೊಣಕೈವರೆಗೆ ಕೈ ಹಾಕಿದೆ. ಹಿಡಿಯಷ್ಟು ತೆಗೆದು ಹಿಚುಕಿದೆ. ಬೆರಳ ಸಂದಿಯಿಂದ ಜಾರಿತು. ಗೋಡೆಯ ಉದ್ದಕ್ಕೂ ಆರು ಕಡೆ ನೋಡಿದೆ. ಎರಡು ಕಡೆ ಗಟ್ಟಿ, ನಾಲ್ಕು ಕಡೆ ಸೋಪು. ಗೋಡೆಯಲ್ಲಿ ನೀರು ಹೋಗಲು ಬಿಟ್ಟ ತೂತುಗಳು ಮಣ್ಣು ಕಟ್ಟಿ ಮುಚ್ಚಿಹೋಗಿದ್ದವು. ಕೈ ತೊಳೆಯದೆ ಮುಂದಕ್ಕೆ ಬಂದೆ.

"ನೀರು ತುಂಬಿದೆ. ಇವತ್ತೇ ನಾಲ್ಕೂ ಮನೆಯವರು ಹಳೇ ಲೈನಿಗೆ ಹೋಗಿ. ಓನರಿಗೆ ನಾನು ಹೇಳ್ತೀನಿ, ನಾಳೆ ಮೆಷಿನ್ ತಂದು ನೀರಿಗೆ ದಾರಿ ಮಾಡ್ತೀನಿ."

"ಹೇಳೋದಲ್ಲ," ಅಂದಳು ಸೆಲ್ವಿ. "ಬರೆದು ಕೊಡು."

"ನನ್ನ ಮಾತು..."

"ನಿನ್ನ ಮಾತು ನನಗೆ ಗೊತ್ತು. ಬರೆದು ಕೊಡು. ಅದನ್ನೂ ಬರಿ, ಇದನ್ನೂ ಬರಿ."

ಮಗಳು ಒಳಗಿನಿಂದ ಒಂದು ಹಾಳೆ, ಪೆನ್ನು ತಂದಳು. ಜಗುಲಿಯ ಮೇಲೆ ಕೂತು ಬರೆದೆ. ನನ್ನ ಅಕ್ಷರ ಚೆನ್ನಾಗಿಲ್ಲ, ಬೆರಳಿನ ಕೆಸರು ಹಾಳೆಗೆ ಹತ್ತಿತು. ಈ ಗುಡ್ಡದ ಮಣ್ಣು ಈ ಮಳೆಗೆ ನಿಲ್ಲುವುದಿಲ್ಲ, ನಾನು ನೋಡಿದ್ದೇನೆ ಎಂದು ಬರೆದೆ. ಹಿಂದೆ ಅಳತೆಯ ಗೆರೆಯನ್ನು ಮೇಷ್ಟ್ರು ಹೇಳಿದ ಜಾಗದಿಂದ ಇಪ್ಪತ್ತು ಅಡಿ ಕೆಳಗೆ ಹಾಕಿದವನು ನಾನು, ಅವರು ಕೇಳಿದಾಗ ಸುಳ್ಳು ಹೇಳಿದವನೂ ನಾನೇ ಎಂದು ಬರೆದೆ. ಕೆಳಗೆ ಅಪ್ಪನ ಹೆಸರು ಸೇರಿಸಿ ಪೂರ್ತಿ ಹೆಸರು ಹಾಕಿದೆ.

ಸೆಲ್ವಿಗೆ ಓದಲು ತಮಿಳು ಮಾತ್ರ ಬರುತ್ತದೆ. ಹಾಳೆಯನ್ನು ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ನೋಡಿ ನನಗೇ ಹಿಂದಕ್ಕೆ ಕೊಟ್ಟಳು. ಅಷ್ಟರಲ್ಲಿ ಲೈನಿನ ಜನ ಒಬ್ಬೊಬ್ಬರೇ ಗಂಟುಮೂಟೆ ಹಿಡಿದು ಹೊರಗೆ ಬರುತ್ತಿದ್ದರು.

"ನಿಲ್ಲಿ ಎಲ್ಲರೂ," ಎಂದು ಕೂಗಿದಳು. ಆಮೇಲೆ ನನಗೆ ಹೇಳಿದಳು: "ಓದು. ಗಟ್ಟಿಯಾಗಿ ಓದು."

ಓದಿದೆ. ಹಿಂದೆ ನಿಂತವರು ಕೇಳಿಸಲಿಲ್ಲ ಅಂದರು. ಇನ್ನೊಂದು ಸಲ ಓದಿದೆ.